ಗೌತಮಿಗೆ ಎರಡೇ ಪದ್ಯ

ಹತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡು ಒಂದೇ ಕಡೆ ಕೂತ ಹೆಂಗಸನ್ನು ಆ ಜಾಗದಿಂದ ಎಬ್ಬಿಸಬಾರದು. ಎಬ್ಬಿಸಿದರೆ ಅವಳು ಸುಮ್ಮನೆ ಮನೆಗೆ ಹೋಗುತ್ತಾಳೆ ಅಂತ ಏನು ಗ್ಯಾರಂಟಿ? ಕೊಪ್ಪದ ತಾಳಮದ್ದಲೆ ಕೂಟದ ಗಂಡಸರಿಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ. ಹೊಳೆದಿದ್ದರೆ ಅವರು ಆ ಕರೆಂಟಿನ ಶ್ರುತಿಪೆಟ್ಟಿಗೆಯನ್ನು ತರುತ್ತಲೇ ಇರಲಿಲ್ಲ.

ಪ್ರೇಮಕ್ಕನಿಗೆ ಬಾಳಗಡಿಯಲ್ಲಿ ರವಿಕೆ ಹೊಲಿಯುವ ಪುಟ್ಟ ಅಂಗಡಿ. ಶನಿವಾರ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಕೊಪ್ಪ ಪೇಟೆಗೆ ನಡೆದು, ಕೂಟದ ಮಾಳಿಗೆ ಕೋಣೆಯ ಬೀಗ ತೆಗೆದು, ಕಸ ಗುಡಿಸಿ, ಚಾಪೆ ಹಾಸಿ, ಭಾಗವತರ ಹಿಂದೆ ಬರೀ ನೆಲದ ಮೇಲೆ ಕೂತು ಶ್ರುತಿಪೆಟ್ಟಿಗೆಯ ತಿದಿ ಒತ್ತುವುದು ಅವಳ ಕೆಲಸ. ಮೊದಲು ಅದನ್ನು ಒತ್ತುತ್ತಿದ್ದದ್ದು ಅವಳ ಮಾವ. ಅವರ ಕೈ ಬಿದ್ದುಹೋದಾಗ 'ಒಂದು ವಾರದ ಮಟ್ಟಿಗೆ ನೀನು ಕೂತ್ಕೋ' ಎಂದು ಕರೆದರು. ಆ ಒಂದು ವಾರ ಹತ್ತೊಂಬತ್ತು ವರ್ಷವಾಯಿತು.

ತಾಳಮದ್ದಲೆ ಅಂದರೆ ಗೊತ್ತಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಚಾಪೆಯ ಮೇಲೆ ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯವನ್ನು ತಮ್ಮ ಮಾತಿನಲ್ಲಿ ಬೆಳೆಸಿ ವಾದ ಮಾಡುತ್ತಾರೆ. ಬರೆದಿಟ್ಟ ಮಾತಿಲ್ಲ, ಹೊಟ್ಟೆಯಲ್ಲಿದ್ದಷ್ಟು ಬಾಯಿಗೆ. ಪದ್ಯದ ಕಥೆ ಮೀರುವಂತಿಲ್ಲ. ಆದರೆ ಕಥೆಯಲ್ಲಿ ಯಾರೇ ಗೆಲ್ಲಲಿ, ಎದುರಿನವರ ಪ್ರಶ್ನೆಗೆ ಉತ್ತರ ಬಾರದೆ ಸುಮ್ಮನಾದವನು ಚಾಪೆಯ ಮೇಲೆ ಸೋತ ಹಾಗೆ. ಇಂಥ ಸಾವಿರ ಸೋಲು ಗೆಲುವುಗಳನ್ನು ಪ್ರೇಮಕ್ಕ ಗಂಡಸರ ಬೆನ್ನು ನೋಡುತ್ತ ಕೇಳಿದ್ದಾಳೆ. ಯಾರು ಎಲ್ಲಿ ಎಡವುತ್ತಾರೆ, ಯಾರು ಮಾತು ತೀರಿದಾಗ ಕೆಮ್ಮುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ.

ಹೋದ ದೀಪಾವಳಿಗೆ ಕರೆಂಟಿನ ಪೆಟ್ಟಿಗೆ ಬಂತು. ಸ್ವಿಚ್ ಒತ್ತಿದರೆ ಆಯಿತು, ತನ್ನಷ್ಟಕ್ಕೇ ಗುಂಯ್ ಅನ್ನುತ್ತದೆ. "ಇನ್ನು ನಿಂಗೆ ಆರಾಮು ಪ್ರೇಮಕ್ಕ, ಬಂದು ಚಾಪೆ ಹಾಸಿದ್ರೆ ಸಾಕು" ಎಂದು ಅನಂತಮೂರ್ತಿಗಳು ದೊಡ್ಡ ಮನಸ್ಸಿನಿಂದ ಹೇಳಿದರು. ಶೃಂಗೇರಿ ಹತ್ತಿರದ ಮೆಣಸೆಯವರು ಅವರು. ಎಪ್ಪತ್ತು ದಾಟಿದವರು, ಕೂಟ ಕಟ್ಟಿದವರು, ಮಾತಿನಲ್ಲಿ ಮಹಾ ಕೊಬ್ಬಿನವರು. ಎದುರು ಕೂತವನನ್ನು ಒಂದು ನಗೆಯಲ್ಲಿ ಒಣಗಿಸಿಬಿಡುತ್ತಿದ್ದರು. ಅವರಿಗೆ ಸನ್ಮಾನ ಆದಾಗಲೆಲ್ಲ ಒಂದು ಕಥೆ ಹೇಳುತ್ತಾರೆ: ಹುಟ್ಟಿದ ವಾರದಲ್ಲೇ ತಾಯಿ ತೀರಿಕೊಂಡದ್ದು, ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟಿದ್ದ ದೊಡ್ಡತ್ತೆ ಸಾಕಿದ್ದು, ಅವಳು ಜಗಲಿಯ ತಾಳಮದ್ದಲೆಯನ್ನು ಬಾಗಿಲ ಹಿಂದೆ ಕೂತು ಕೇಳಿ ಕೇಳಿ ಇವರಿಗೆ ಅರ್ಥ ಹೇಳಲು ಕಲಿಸಿದ್ದು. ಹೇಳುವಾಗ ಕಣ್ಣೊರೆಸಿಕೊಳ್ಳುತ್ತಾರೆ. ಪ್ರೇಮಕ್ಕ ಅದನ್ನು ಹನ್ನೊಂದು ಸಲ ಕೇಳಿದ್ದಾಳೆ.

ಹಾಗಾಗಿ ಅವಳು ಅವರನ್ನೇ ಕೇಳಿದಳು. "ತಿದಿ ಇಲ್ಲ ಅಂದ್ಮೇಲೆ ಕೈ ಖಾಲಿ. ನಂಗೂ ಒಂದು ಸಣ್ಣ ಪಾತ್ರದ ಅರ್ಥ ಕೊಡಿ."

"ನೋಡಾಣ, ಮುಂದೆ ನೋಡಾಣ" ಎಂದರು ಮೊದಲ ಸಲ.

"ಹೆಂಗಸರ ಧ್ವನಿ ಶ್ರುತಿಗೆ ಕೂರಲ್ಲ ಮಾರಾಯ್ತಿ" ಎಂದರು ಎರಡನೇ ಸಲ. ಯಾರಿಗೆ? ಹತ್ತೊಂಬತ್ತು ವರ್ಷ ಅವರೆಲ್ಲರ ಶ್ರುತಿ ಹಿಡಿದು ಕೂತವಳಿಗೆ!

ಮೂರನೇ ಸಲ ಅವರು ಸಿಟ್ಟಾದರು. "ಈ ಕೂಟಕ್ಕೆ ನಲವತ್ತು ವರ್ಷ. ಹೆಂಗಸರನ್ನ ಚಾಪೆ ಮೇಲೆ ಕೂರಿಸಿದ್ರೆ ಇನ್ನು ನಾಲ್ಕು ವರ್ಷ ಬಾಳಲ್ಲ, ಬರೆದಿಟ್ಕೋ."

ಪ್ರೇಮಕ್ಕ ಬರೆದಿಟ್ಟುಕೊಳ್ಳಲಿಲ್ಲ. ನೆನಪಿಟ್ಟುಕೊಂಡಳು.

ಏಪ್ರಿಲ್‌ನಲ್ಲಿ ನರಸಿಂಹರಾಜಪುರದಿಂದ ರಶ್ಮಿ ಎಂಬ ಹುಡುಗಿ ಬಂದಳು. ವಕೀಲೆ, ಮಾತು ಕತ್ತರಿಸಿದ ಹಾಗೆ. ಅವಳ ಗೆಳೆಯರ ಬಳಗದವರು ಬುದ್ಧ ಪೂರ್ಣಿಮೆಗೆ ತಾಳಮದ್ದಲೆ ಇಟ್ಟುಕೊಂಡಿದ್ದರು. ಬುದ್ಧನ ಕಥೆಯೇ ಬೇಕು, ಅದರಲ್ಲೂ ಗೌತಮಿಯ ಕಥೆ. ಬುದ್ಧನನ್ನು ಹೆತ್ತ ಮಾಯಾದೇವಿ ಏಳನೇ ದಿನಕ್ಕೆ ತೀರಿಕೊಂಡಾಗ ಎದೆಹಾಲು ಕೊಟ್ಟು ಸಾಕಿದ ಚಿಕ್ಕಮ್ಮ ಈ ಗೌತಮಿ. ಕೊನೆಗೆ ತನಗೂ ಸನ್ಯಾಸ ಕೊಡು ಎಂದು ಅದೇ ಮಗನ ಬಾಗಿಲಿಗೆ ಬಂದವಳು. ಭಾಗವತ ಮಂಜಯ್ಯನವರು ಹದಿನೈದು ದಿನದಲ್ಲಿ ಹೊಸ ಪ್ರಸಂಗ ಬರೆದರು. ಎಲ್ಲ ಸರಿಹೋಯಿತು ಅನ್ನುವಾಗ ರಶ್ಮಿ ಒಂದು ಕಡ್ಡಿ ಆಡಿಸಿದಳು.

"ಗೌತಮಿ ಅರ್ಥ ಹೆಂಗಸರೇ ಹೇಳ್ಬೇಕು. ಇಲ್ಲ ಅಂದ್ರೆ ನಾವು ಬೇರೆ ಕೂಟದವರನ್ನ ಕೇಳ್ತೀವಿ."

ಅನಂತಮೂರ್ತಿಗಳು ಪ್ರಸಂಗದ ಹಾಳೆ ಎತ್ತಿ ಬೆರಳಲ್ಲಿ ಎಣಿಸಿದರು. ಬುದ್ಧನಿಗೆ ಹದಿನಾಲ್ಕು ಪದ್ಯ. ಅವನ ಶಿಷ್ಯ ಆನಂದನಿಗೆ ಐದು. ಗೌತಮಿಗೆ ಎರಡು, ಒಂದು ಅಳುವುದಕ್ಕೆ, ಇನ್ನೊಂದು ಒಪ್ಪಿಕೊಳ್ಳುವುದಕ್ಕೆ. "ಎರಡೇ ಪದ್ಯ. ಬಾಗಿಲಲ್ಲಿ ಕೂತು ಅಳೋದಷ್ಟೇ ಅಲ್ವಾ? ಪ್ರೇಮಕ್ಕ ಹೇಳ್ಲಿ ಬಿಡಿ" ಎಂದರು.

ಅಯ್ಯೋ ದೇವರೆ, ಪದ್ಯ ಎಣಿಸಿದರು! ಒಂದೇ ಒಂದು ಪದ್ಯವಿದ್ದ ಸಾರಥಿಯ ಪಾತ್ರವನ್ನು ಒಂದೂಕಾಲು ಗಂಟೆ ಎಳೆದು, ರಥದಲ್ಲಿದ್ದ ರಾಜನನ್ನೇ ಮೂಲೆಗೆ ಹಾಕಿದ ಮನುಷ್ಯ ಇವರು. ತಾಳಮದ್ದಲೆಯಲ್ಲಿ ಪಾತ್ರದ ಉದ್ದ ಅಳೆಯಬೇಕಾದದ್ದು ಹೇಳುವವರ ಹೊಟ್ಟೆಯಲ್ಲಿ ಏನಿದೆ ಎಂಬುದರಿಂದ. ಅದು ಅವರಿಗೆ ಗೊತ್ತಿಲ್ಲದ್ದಲ್ಲ. ಪ್ರೇಮಕ್ಕನಿಗೂ ಒಂದು ಹೊಟ್ಟೆ ಇದೆ ಎಂಬುದು ನೆನಪಾಗಲಿಲ್ಲ, ಅಷ್ಟೇ.

ಆದರೂ ಜಾಣರು, ಮೂರು ಷರತ್ತು ಹಾಕಿದರು. ಹತ್ತು ನಿಮಿಷ ಮೀರಬಾರದು. ಎದುರು ಅರ್ಥಧಾರಿಗೆ ಪ್ರಶ್ನೆ ಹಾಕಬಾರದು. ಕೂಟಕ್ಕೆ ಹೊಸಬರು ಬಂದಾಗ ನಡೆದುಬಂದ ಪದ್ಧತಿಯಂತೆ, ಶುರುವಿಗೂ ಕೊನೆಗೂ ಚಾಪೆಯ ಮೇಲಿದ್ದ ಎಲ್ಲರ ಕಾಲಿಗೂ ನಮಸ್ಕಾರ ಮಾಡಬೇಕು.

"ಎಲ್ಲರಿಗೂ ಅಂದ್ರೆ ಸುದರ್ಶನಂಗೂ?" ಎಂದು ಮಂಜಯ್ಯನವರೇ ಕೇಳಿದರು. ಸುದರ್ಶನ ಇಪ್ಪತ್ತನಾಲ್ಕರ ಬ್ಯಾಂಕ್ ಗುಮಾಸ್ತ. ಹೋದ ವರ್ಷ ಯುಗಾದಿಗೆ ಕೂಟಕ್ಕೆ ಬಂದವನು. ಅವನು ಮಾತು ಮರೆತಾಗಲೆಲ್ಲ ಹಿಂದಿನಿಂದ ಪಿಸುಗುಟ್ಟಿ ದಡ ಸೇರಿಸಿದವಳು ಪ್ರೇಮಕ್ಕ.

"ಚಾಪೆಗೆ ಮೊದಲು ಬಂದವನು ಅವನಲ್ವಾ?" ಎಂದರು ಅನಂತಮೂರ್ತಿ.

ಪ್ರೇಮಕ್ಕ ಮೂರಕ್ಕೂ ಹೂಂ ಎಂದಳು. ಮನೆಗೆ ಬಂದು ಹೇಳಿದಾಗ ಗೂಡ್ಸ್ ಆಟೋ ಒರೆಸುತ್ತಿದ್ದ ಗಂಡ ವೀರಪ್ಪನಿಗೆ ಮೈ ಉರಿಯಿತು. "ಆ ಪೋರನ ಕಾಲಿಗೆ ಬೀಳೋಕೂ ಹೂಂ ಅಂದು ಬಂದ್ಯಾ? ಮರ್ಯಾದೆ ಇಲ್ವಾ ನಿಂಗೆ?"

"ಹೊಸಲು ದಾಟೋವರೆಗೂ ಹೂಂ ಅನ್ಬೇಕು. ಆಮೇಲಿಂದು ಆಮೇಲೆ."

ಒಂದು ತಿಂಗಳು ಅವಳು ಪೇಟೆಯ ಲೈಬ್ರರಿಯಿಂದ ತಂದ ದಪ್ಪ ಪುಸ್ತಕವನ್ನು ಹೊಲಿಗೆ ಮೆಷಿನ್ನಿನ ಪಕ್ಕ ತೆರೆದಿಟ್ಟುಕೊಂಡು ಓದಿದಳು. ಕಾಜಾ ಹೊಲಿಯುತ್ತ ಓದಿದಳು, ಅನ್ನ ಬಸಿಯುತ್ತ ಓದಿದಳು. ಮುದುಕನನ್ನು, ರೋಗಿಯನ್ನು, ಹೆಣವನ್ನು ನೋಡಿ ನಿದ್ದೆಗೆಟ್ಟ ರಾಜಕುಮಾರ. ಆರು ವರ್ಷ ಉಪವಾಸ ಬಿದ್ದು, ಹೊಟ್ಟೆ ಮುಟ್ಟಿದರೆ ಬೆನ್ನುಮೂಳೆ ಸಿಗುವಷ್ಟು ಸೊರಗಿ, ಅದೂ ದಾರಿಯಲ್ಲ ಎಂದು ತಿಳಿದು ಒಬ್ಬ ಹೆಣ್ಣುಮಗಳು ಕೊಟ್ಟ ಪಾಯಸ ಉಂಡವನು. ಮರದ ಕೆಳಗೆ ಕೂತು ಕಂಡದ್ದನ್ನು ಮೊದಲು ಐದೇ ಜನಕ್ಕೆ ಹೇಳಿದವನು. ಪ್ರೇಮಕ್ಕನಿಗೆ ಅವನ ಮೇಲೆ ಪ್ರೀತಿಯೇ ಹುಟ್ಟಿತು. ಆದರೆ ಗೌತಮಿಯ ಅಧ್ಯಾಯಕ್ಕೆ ಬಂದಾಗ ಅವಳು ಮೆಷಿನ್ ನಿಲ್ಲಿಸಿದಳು. ಮೂರು ಸಲ ಕೇಳಿದ್ದು, ಮೂರು ಸಲವೂ ಬೇಡ ಎಂದದ್ದು. ಹೆಂಗಸರು ಬಂದರೆ ಸಾವಿರ ವರ್ಷದ ಧರ್ಮ ಐನೂರಕ್ಕೆ ಇಳಿಯುತ್ತದೆ ಎಂದದ್ದು. ಕೊನೆಗೆ ಎಂಟು ಷರತ್ತು ಹಾಕಿದ್ದು, ಅದರಲ್ಲಿ ಮೊದಲನೆಯದು: ನೂರು ವರ್ಷದ ಭಿಕ್ಷುಣಿಯೂ ಇವತ್ತು ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ನಮಸ್ಕರಿಸಬೇಕು.

"ಓಹೋ" ಎಂದಳು ಪ್ರೇಮಕ್ಕ, ಒಬ್ಬಳೇ ಇದ್ದ ಅಂಗಡಿಯಲ್ಲಿ. "ಆಗಲೂ ಇದೇ ಕಥೆಯಾ?"

ಪೂರ್ಣಿಮೆಯ ದಿನ ಮಧ್ಯಾಹ್ನ ಮೂರಕ್ಕೆ ನರಸಿಂಹರಾಜಪುರದ ಆ ಸಭಾಂಗಣದಲ್ಲಿ ಇನ್ನೂರು ಜನ ಸೇರಿದ್ದರು. ಫ್ಯಾನು ಸೆಕೆಯನ್ನೇ ಬೀಸುತ್ತಿತ್ತು. ಪ್ರೇಮಕ್ಕ ಮಂಜಯ್ಯನವರಿಗೆ ನಮಸ್ಕರಿಸಿದಳು, ಮದ್ದಲೆಯ ಬಸವೇಶನಿಗೆ ನಮಸ್ಕರಿಸಿದಳು, ಅನಂತಮೂರ್ತಿಗಳ ಕಾಲು ಮುಟ್ಟಿದಳು. ಸುದರ್ಶನ ಕಾಲು ಒಳಗೆಳೆದುಕೊಂಡು "ಅಕ್ಕಾ, ಬೇಡ" ಎಂದ. ಅವಳು ಬಿಡಲಿಲ್ಲ. ನಿಧಾನವಾಗಿ, ಇನ್ನೂರು ಜನಕ್ಕೂ ಕಾಣುವ ಹಾಗೆ ಹಣೆಯನ್ನು ನೆಲಕ್ಕೆ ಮುಟ್ಟಿಸಿ ಎದ್ದಳು. ಹಿಂದಿನ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇದ್ದದ್ದು ಹೇಳಬೇಕು, ಆನಂದನಾದ ಸುದರ್ಶನನ ಎದುರು ಬುದ್ಧನಾಗಿ ಅನಂತಮೂರ್ತಿಗಳು ಮೊದಲ ಒಂದು ಗಂಟೆ ಅದ್ಭುತವಾಗಿ ಮಾತಾಡಿದರು. "ಕೇಳು ಆನಂದಾ, ನಾನು ದೇವರ ಮಾತು ತಂದವನಲ್ಲ. ವೈದ್ಯನ ಹಾಗೆ ನಾಡಿ ಹಿಡಿದವನು. ನೋವಿದೆ, ಇದು ರೋಗ. ಬೇಕು ಬೇಕು ಎನ್ನುವ ತೃಷ್ಣೆ, ಇದು ಕಾರಣ. ಕಾರಣವಿದ್ದರೆ ಕೊನೆಯೂ ಇರಲೇಬೇಕು. ಆ ಕೊನೆಗೆ ಎಂಟು ಮೆಟ್ಟಿಲಿನ ದಾರಿಯೂ ಇದೆ. ಮೈಯನ್ನು ಕೊಬ್ಬಿಸಲೂ ಬೇಡ, ಕೊಲ್ಲಲೂ ಬೇಡ." ಆಮೇಲೆ ಕ್ಷೌರಿಕ ಉಪಾಲಿಯ ಕಥೆ ತಂದರು. ಶಾಕ್ಯ ರಾಜಕುಮಾರರು ದೀಕ್ಷೆಗೆ ಬಂದಾಗ ಅವರಿಗಿಂತ ಮೊದಲು ಅವರ ಕ್ಷೌರಿಕನಿಗೇ ದೀಕ್ಷೆ ಕೊಟ್ಟದ್ದು, ಮೊದಲು ಬಂದವನೇ ಹಿರಿಯನಾದ್ದರಿಂದ ರಾಜಕುಮಾರರು ಅವನಿಗೆ ಬಾಗಬೇಕಾಗಿ ಬಂದದ್ದು. "ಹುಟ್ಟಿನಿಂದ ಯಾರೂ ಮೇಲಲ್ಲ" ಎಂದು ಅವರು ತೊಡೆ ತಟ್ಟಿದಾಗ ಚಪ್ಪಾಳೆ ಬಿತ್ತು. ಪ್ರೇಮಕ್ಕನೂ ತಟ್ಟಿದಳು. ಒಳಗೊಳಗೇ 'ತಟ್ಟಿ ಸ್ವಾಮಿ, ಇದೇ ಕೋಲು ಆಮೇಲೆ ಬೇಕಾಗುತ್ತೆ' ಎಂದುಕೊಂಡಳು.

ಮಂಜಯ್ಯನವರು ಗೌತಮಿಯ ಮೊದಲ ಪದ್ಯ ಎತ್ತಿದರು. ವೈಶಾಲಿಯ ವಿಹಾರದ ಬಾಗಿಲಲ್ಲಿ, ಧೂಳು ಮೆತ್ತಿದ ಮೈ, ಊದಿದ ಕಾಲು, ಹರಿಯುವ ಕಣ್ಣೀರು. ಪದ್ಯ ಮುಗಿಯಿತು. ಎಲ್ಲರೂ ಅಳುವನ್ನು ಕಾದರು.

ಪ್ರೇಮಕ್ಕ ಅಳಲಿಲ್ಲ. ಧ್ವನಿ ನೆಟ್ಟಗೆ ಕೂಟದವರು ಯಾವಾಗಲೂ ಇಟ್ಟುಕೊಳ್ಳುವ ಕಪ್ಪು ಮೂರರ ಶ್ರುತಿಗೆ ಹೋಗಿ ಕೂತಿತು.

"ಆನಂದಾ, ಈ ಕಾಲು ನೋಡು. ಪಲ್ಲಕ್ಕಿಯಿಂದ ಇಳಿದರೆ ನೆಲ ಹೇಗಿರುತ್ತದೆಂದು ಅರಮನೆಯ ಐನೂರು ಹೆಂಗಸರು ಈಗ ತಿಳಿದಿದ್ದೇವೆ. ಈ ತಲೆ ನೋಡು. ಲೋಕಕ್ಕೆ ಹೆಣ್ಣಿನ ತಲೆ ಬೋಳಿಸಲು ಗೊತ್ತಿರುವುದು ಒಂದೇ ಹೊತ್ತಿನಲ್ಲಿ, ಅವಳ ಗಂಡ ಸತ್ತಾಗ. ಆಗ ಕತ್ತಿ ಬೇರೆಯವರದು, ತಲೆ ಮಾತ್ರ ಅವಳದು. ನಾವು ನಮ್ಮ ಕೈಯಾರೆ ಬೋಳಿಸಿಕೊಂಡೆವು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕಾವಿಯನ್ನೂ ಉಟ್ಟು ಆಯಿತು. ಇನ್ನು ನಿನ್ನ ಗುರು ಕೊಡಬೇಕಾದದ್ದು ಬಟ್ಟೆಯನ್ನಲ್ಲ, ಬಾಗಿಲನ್ನು."

ಅನಂತಮೂರ್ತಿಗಳು ತಲೆಯೆತ್ತಿ ಅವಳನ್ನು ಹೊಸದಾಗಿ ನೋಡುವವರಂತೆ ನೋಡಿದರು. ಹಳೆಯ ಹುಲಿ, ಬೇಟೆಯ ವಾಸನೆ ಬಡಿಯಿತು. ತಾವೇ ಹಾಕಿದ ಷರತ್ತು ಮರೆತು ಅಭ್ಯಾಸಬಲದಿಂದ ಪ್ರಶ್ನೆ ಎಸೆದರು.

"ಗೌತಮೀ, ದೀಕ್ಷೆ ಬೇಕು ಬೇಕು ಎಂದು ಇಷ್ಟು ದೂರ ಓಡಿಬಂದೆಯಲ್ಲ, ಇದೂ ತೃಷ್ಣೆಯೇ ಅಲ್ಲವೆ?"

ಅವರೇ ಕೇಳಿದ ಮೇಲೆ ಉತ್ತರ ಹೇಳದಿದ್ದರೆ ಹೇಗೆ?

"ಬಾಯಾರಿದವನು ಬಾವಿಯ ದಾರಿ ಕೇಳಿದರೆ ಅದನ್ನು ದುರಾಸೆ ಎನ್ನುವವರು ಯಾರು ಮಗನೆ? ಬಾವಿ ತನ್ನದು ಎಂದುಕೊಂಡವರು ಮಾತ್ರ. ನೀನು ಹೆಂಡತಿ ಮಗನನ್ನು ಮಲಗಿದಲ್ಲೇ ಬಿಟ್ಟು ಹೊರಟೆ, ಅದನ್ನು ಲೋಕ ಮಹಾತ್ಯಾಗ ಎಂದಿತು. ನಾನು ಅದೇ ದಾರಿಯಲ್ಲಿ ನಡೆದರೆ ಅದು ತೃಷ್ಣೆಯೆ?"

ಅದು ಪ್ರಶ್ನೆ. ಎರಡನೇ ಷರತ್ತು ಮುರಿಯಿತು. ಅನಂತಮೂರ್ತಿಗಳ ತುಟಿಯ ಮೇಲೆ ಅವರ ಪ್ರಸಿದ್ಧ ನಗೆ ಬಂತು, ಎದುರಿನವರನ್ನು ಒಣಗಿಸುವ ನಗೆ. ಬಂದದ್ದು ಅಲ್ಲೇ ನಿಂತಿತು. ಯಮನೋ ರಾವಣನೋ ಆಗಿದ್ದರೆ ಚುಚ್ಚಿ ಕೆಡವುತ್ತಿದ್ದರು. ಬುದ್ಧ ಚುಚ್ಚುವ ಹಾಗಿಲ್ಲ. ಬುದ್ಧ ಸಿಟ್ಟಾಗುವ ಹಾಗಿಲ್ಲ. ನಲವತ್ತು ವರ್ಷ ಮಸೆದ ಕತ್ತಿಯನ್ನೆಲ್ಲ ಆ ಪಾತ್ರ ಬಾಗಿಲಲ್ಲೇ ಕಸಿದುಕೊಂಡಿತ್ತು.

ಅವರು ಮಂಜಯ್ಯನವರ ಕಡೆ ಕಣ್ಣು ಮಾಡಿದರು. ಹತ್ತು ನಿಮಿಷ ಆಯಿತು, ಮುಂದಿನ ಪದ್ಯ ಎತ್ತಿ ಎಂದು ಅರ್ಥ. ಮಂಜಯ್ಯನವರು ಜಾಗಟೆಯ ದಾರ ಬಿಗಿ ಮಾಡುವುದರಲ್ಲಿ ಮುಳುಗಿಹೋಗಿದ್ದರು. ಆ ದಾರ ಸಡಿಲವಾಗಿದ್ದನ್ನು ಪ್ರೇಮಕ್ಕ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಆನಂದನಾದ ಸುದರ್ಶನ ಈಗ ಬಾಯಿ ತೆರೆದ. ಕಥೆಯಲ್ಲಿರುವಂತೆಯೇ ಕೇಳಿದ. "ಗುರುವೇ, ಹೆಣ್ಣು ಈ ದಾರಿಯಲ್ಲಿ ನಡೆದರೆ ಕೊನೆ ಮುಟ್ಟಬಲ್ಲಳೇ?"

"ಮುಟ್ಟಬಲ್ಲಳು" ಎಂದರು ಬುದ್ಧರು. ಹೇಳಲೇಬೇಕು, ಪದ್ಯದಲ್ಲಿದೆ. "ಆದರೆ ಆನಂದಾ, ಹೆಂಗಸರು ಹೊಕ್ಕರೆ ಸಾವಿರ ವರ್ಷ ಬಾಳಬೇಕಾದ ಧರ್ಮ ಐನೂರಕ್ಕೆ ಇಳಿದೀತು. ಗದ್ದೆಗೆ ರೋಗ ಬಿದ್ದ ಹಾಗೆ."

ಮೂರನೇ ಸಲ ಇಲ್ಲ ಎಂದ ದಿನದ ಅದೇ ಮಾತು, ಅದೇ ಬಾಯಿ. ಪ್ರೇಮಕ್ಕನ ಕಿವಿ ಬಿಸಿಯಾಯಿತು. ಆದರೆ ಸಿಟ್ಟು ಬಂದಾಗ ತಿದಿಯನ್ನು ನಿಧಾನ ಒತ್ತಬೇಕೆಂದು ಅವಳ ಕೈಗೆ ಗೊತ್ತಿತ್ತು. ನಿಧಾನವಾಗಿಯೇ ಹೇಳಿದಳು.

"ಹುಟ್ಟಿದ್ದೆಲ್ಲ ಅಳಿಯುತ್ತದೆ ಎಂದು ಮನೆಮನೆಗೆ ಹೋಗಿ ಹೇಳಿದವನು ನೀನು. ರಾಜ್ಯ ಅನಿತ್ಯ, ಮೈ ಅನಿತ್ಯ, ನಾನು ಎಂಬುದೇ ಇಲ್ಲ ಎಂದೆ. ನಾವು ನಂಬಿದೆವು. ಈಗ ನಿನ್ನ ಧರ್ಮದ ಆಯುಷ್ಯ ಎಣಿಸುತ್ತ ಕೂತಿದ್ದೀಯಲ್ಲ, ಅದೊಂದು ಮಾತ್ರ ಉಳಿಯಬೇಕೆ? ತೃಷ್ಣೆ ಯಾರ ಮನೆಯಲ್ಲಿದೆ ಮಗನೆ, ನನ್ನದರಲ್ಲೋ ನಿನ್ನದರಲ್ಲೋ?"

ಹಿಂದಿನ ಸಾಲಿನಿಂದ "ಭಲೇ!" ಎಂದು ಒಂದು ಹೆಣ್ಣು ಧ್ವನಿ ಕೂಗಿತು. ರಶ್ಮಿಯದಲ್ಲ, ಯಾರೋ ಮುದುಕಿಯದು. ಅನಂತಮೂರ್ತಿಗಳು ನೀರು ಕುಡಿದರು. ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಕಾಡಿನ ಭಯ, ಲೋಕದ ಬಾಯಿ, ಎಲ್ಲ ತಂದರು. ಆದರೆ ಕೇಳಿದ್ದಕ್ಕೆ ಉತ್ತರ ಅದರಲ್ಲಿರಲಿಲ್ಲ. ಅದು ಬಸವೇಶನ ಮದ್ದಲೆಗೂ ಗೊತ್ತಾಯಿತು.

ಎಂಟು ಷರತ್ತುಗಳ ಪದ್ಯ ಬಂತು. ಆಮೇಲೆ ಗೌತಮಿಯ ಎರಡನೇ ಪದ್ಯ: ಎಂಟನ್ನೂ ಹೂಮಾಲೆಯಂತೆ ತಲೆಗೇರಿಸಿಕೊಂಡಳು.

"ಒಪ್ಪಿದೆ" ಎಂದಳು ಪ್ರೇಮಕ್ಕ.

ಅನಂತಮೂರ್ತಿಗಳು ಉಸಿರು ಬಿಟ್ಟರು. ಶಲ್ಯ ಸರಿಮಾಡಿಕೊಂಡರು.

"ಒಪ್ಪಿದೆ. ಬಾಗಿಲು ಸಣ್ಣದಾದರೆ ಬಗ್ಗಿ ಒಳಗೆ ಹೋಗಬೇಕು, ಹೊರಗೆ ನಿಂತು ಬಾಗಿಲಿಗೆ ಬೈದರೆ ಮಳೆಗೆ ನೆನೆಯುವವರು ನಾವೇ. ಆದರೆ ಪದ್ಯ ನಾನು ಒಪ್ಪಿದೆ ಎಂದಿತು. ಸುಮ್ಮನಾದೆ ಎನ್ನಲಿಲ್ಲ." ಅವಳು ಸುದರ್ಶನನ ಕಡೆ ತಿರುಗಿದಳು. "ಆನಂದಾ, ಈಗ ಒಳಗೆ ಬಂದು ಕೇಳುತ್ತಿದ್ದೇನೆ. ಉಪಾಲಿಯ ಕತ್ತಿಗೆ ತಲೆ ಕೊಟ್ಟ ರಾಜಕುಮಾರರು ಉಪಾಲಿಗೆ ಬಾಗಿದರು. ಯಾಕೆ? ಮೊದಲು ಬಂದವನು ಹಿರಿಯ. ಆ ನಿಯಮ ಗಂಡಸಿನಿಂದ ಗಂಡಸಿಗೆ ಓಡಿ ಬಂದದ್ದು ನನ್ನ ಮುಂದೆ ಯಾಕೆ ಕುಂಟಿತು? ಹೋಗಿ ಕೇಳು. ನಮಸ್ಕಾರ ಮೈ ನೋಡಿ ಬೇಡ, ಸೇವೆಯ ವರ್ಷ ನೋಡಿ ಆಗಲಿ. ಇವತ್ತು ಈ ಚಾಪೆಗೆ ಬರುವಾಗ ನಾನು ಯಾರ ಕಾಲಿಗೆ ಹಣೆ ಹಚ್ಚಿದೆ ಎಂದು ನೀನೂ ನೋಡಿದೆ, ಸಭೆಯೂ ನೋಡಿತು."

ಸುದರ್ಶನನ ಮುಖ ಕೆಂಪಾಯಿತು. ಇದು ಅವನ ಪದ್ಯದಲ್ಲಿಲ್ಲ. ಆದರೆ ಪ್ರೇಮಕ್ಕ ಓದಿದ ಪುಸ್ತಕದಲ್ಲಿತ್ತು, ಗೌತಮಿ ಹೀಗೆ ಕೇಳಿಯೇ ಇದ್ದಳು. ಹುಡುಗ ಅನಂತಮೂರ್ತಿಗಳ ಕಡೆ ತಿರುಗಿದ. "ಗುರುವೇ... ಅವರು ಕೇಳುತ್ತಿರುವುದು ನ್ಯಾಯ. ನನಗೂ ಹಾಗೇ ಅನಿಸುತ್ತದೆ."

ಪ್ರೇಮಕ್ಕ ಕೊನೆಯ ಮಾತನ್ನು ಹೇಳಲೋ ಬೇಡವೋ ಎಂದು ಒಂದು ಕ್ಷಣ ಹಿಂಜರಿದಳು. ಅದು ನೋಯುತ್ತದೆಂದು ಗೊತ್ತಿತ್ತು. ಹತ್ತೊಂಬತ್ತು ವರ್ಷ ತನಗೂ ನೋಯುತ್ತದೆಂದು ಯಾರಿಗೆ ಗೊತ್ತಿತ್ತು? ಹೇಳಿದಳು.

"ಹೆತ್ತವಳು ಏಳನೇ ದಿನಕ್ಕೆ ಕಣ್ಣು ಮುಚ್ಚಿದಾಗ ಅಳುತ್ತಿದ್ದ ಕೂಸನ್ನು ಎತ್ತಿಕೊಂಡವಳು ನಾನು. ಎತ್ತಿಕೊಳ್ಳುವಾಗ ಷರತ್ತು ಹಾಕಲಿಲ್ಲ. ನಿನ್ನ ಮೊದಲ ಮಾತು ನನ್ನ ಮಡಿಲಲ್ಲಿ ಕಲಿತದ್ದು. ಬಾಗಿಲ ಹಿಂದೆ ಕೂತವಳ ಹತ್ತಿರ ಮಾತು ಕಲಿತವನು, ಅದೇ ಮಾತಿನಿಂದ ಅವಳಿಗೆ ಬಾಗಿಲು ಹಾಕಬಹುದೆ?"

ಮದ್ದಲೆ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಮೂಲೆಯ ಪೆಟ್ಟಿಗೆ ಗುಂಯ್ ಎನ್ನುತ್ತಲೇ ಇತ್ತು. ಅನಂತಮೂರ್ತಿಗಳು ಕೆಮ್ಮಲೂ ಇಲ್ಲ. ತಲೆ ಬಗ್ಗಿಸಿ ಚಾಪೆಯ ಒಂದು ಎಳೆಯನ್ನು ನೋಡುತ್ತಿದ್ದರು. ಯಾರಿಗೂ ಸರಿಯಾಗಿ ಕೇಳಿಸದ ಧ್ವನಿಯಲ್ಲಿ, "ಆಗದು ತಾಯಿ" ಎಂದರು. ಪುಸ್ತಕದ ಕಥೆಯಲ್ಲೂ ಹಾಗೇ ಇದೆ.

"ಆಗದು ಎಂದೆ, ಆಗಲಿ. ಗೌತಮಿ ಕೇಳಿದ್ದಳು ಅಂತ ಬರೆದಿಡು ಆನಂದಾ. ಓದುವವರು ಓದಿಕೊಳ್ಳಲಿ."

ಮಂಗಳ ಹಾಡಿದರು. ಕೊನೆಯ ನಮಸ್ಕಾರದ ಹೊತ್ತು. ಪ್ರೇಮಕ್ಕ ಎದ್ದು ಮಂಜಯ್ಯನವರಿಗೆ, ಬಸವೇಶನಿಗೆ, ಅನಂತಮೂರ್ತಿಗಳಿಗೆ ಬಾಗಿದಳು. ಸುದರ್ಶನನ ಮುಂದೆ ನಿಂತು ಕೈಚೀಲ ಎತ್ತಿಕೊಂಡಳು. "ನಿಂಗೆ ಶುರುವಲ್ಲಿ ಮಾಡಿದ್ದೇ ಸಾಕು ಮಾರಾಯ. ಅದನ್ನೇ ಜೋಪಾನ ಮಾಡು" ಎಂದು ಇಳಿದು 'ಕೊಪ್ಪ' ಬೋರ್ಡಿನ ಬಸ್ಸಿಗೆ ಹೋದಳು.

ಸೋಮವಾರ ಮಂಜಯ್ಯನವರು ಅಂಗಡಿಗೆ ಬಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹವೆ, ಬಿಸಿಲು ಎಂದೆಲ್ಲ ಮಾತಾಡಿ, ಕೊನೆಗೆ, "ಅನಂತಮೂರ್ತಿಗಳು ಹೇಳಿ ಕಳಿಸಿದಾರೆ. ಷರತ್ತು ಮೂರೂ ಮುರಿದಿದೀಯಂತೆ. ಶನಿವಾರದಿಂದ ಬರೋದು ಬೇಡವಂತೆ. ಕೋಣೆ ಕೀಲಿಕೈ ವಾಪಸ್ ಕೊಡ್ಬೇಕಂತೆ" ಎಂದರು.

"ನೀವೆಂತ ಹೇಳ್ತೀರಿ?"

"ನಾನೆಂತ ಹೇಳ್ಲಿ? ನಾನು ಪದ್ಯ ಹೇಳೋನು." ಮೆಟ್ಟಿಲಿಳಿದವರು ತಿರುಗಿದರು. "ಜಾಗಟೆ ದಾರ ಈಗ ಗಟ್ಟಿ ಇದೆ ನೋಡು, ಏನೂ ಆಗಿಲ್ಲ" ಎಂದು ನಕ್ಕು ಹೋದರು.

ಆ ವಾರವಿಡೀ ಪ್ರೇಮಕ್ಕನಿಗೆ ಊಟ ರುಚಿಸಲಿಲ್ಲ. ಬೇಜಾರಲ್ಲ, ಸಿಟ್ಟು. "ಗೆದ್ದು ಬಂದ್ಯಲ್ಲ, ಸಾಕು ಬಿಡು. ಕೀಲಿಕೈ ಬಿಸಾಕು ಅವರ ಮುಖಕ್ಕೆ" ಎಂದ ವೀರಪ್ಪ. ಅವಳಿಗೆ ಗೆಲುವು ಬೇಕಿರಲಿಲ್ಲ. ಒಂದು ದಿನದ ಗೆಲುವು ಇಟ್ಟುಕೊಂಡು ಏನು ಮಾಡುವುದು, ಉಪ್ಪಿನಕಾಯಿ ಹಾಕುವುದೆ? ಅವಳಿಗೆ ಬೇಕಾದದ್ದು ಪ್ರತಿ ಶನಿವಾರದ ಚಾಪೆ. ಗೌತಮಿಯ ಬಗ್ಗೆ ಮತ್ತೆ ಮತ್ತೆ ಯೋಚಿಸಿದಳು. ಅವಳು ಮೊದಲು ತಲೆ ಬೋಳಿಸಿಕೊಂಡಳು, ಮೊದಲು ಕಾವಿ ಉಟ್ಟಳು, ಮೊದಲು ನಡೆದಳು. ಕೇಳಿದ್ದು ಆಮೇಲೆ.

ಶನಿವಾರ ಎಂದಿಗಿಂತ ಒಂದು ಗಂಟೆ ಮೊದಲೇ ಅವಳು ಕೊಪ್ಪಕ್ಕೆ ನಡೆದಳು. ಬೀಗ ತೆಗೆದಳು, ಕಸ ಗುಡಿಸಿದಳು, ಚಾಪೆ ಹಾಸಿದಳು. ಅನಂತಮೂರ್ತಿಗಳು ಕೂರುವ ಜಾಗದಲ್ಲಿ ಕೀಲಿಕೈ ಇಟ್ಟಳು. ಅದಕ್ಕೆ ಸರಿಯಾಗಿ ಎದುರು, ಚಾಪೆಯ ನಡುವೆ, ಚಕ್ಕಳಮಕ್ಕಳ ಹಾಕಿ ಕೂತಳು.

ಮೊದಲು ಬಂದ ಬಸವೇಶ ನೋಡಿ ನೋಡದ ಹಾಗೆ ಮದ್ದಲೆ ಬಿಚ್ಚಿದ. ಮಂಜಯ್ಯನವರು ಬಂದು ಪ್ರಸಂಗದ ಪುಸ್ತಕ ತೆರೆದರು. ಸುದರ್ಶನ ಬಂದವನು ಬಾಗಿಲಲ್ಲಿ ನಿಂತು ನೋಡಿ, ಅವಳಿಗಿಂತ ಒಂದು ಮೊಳ ಹಿಂದೆ ಹೋಗಿ ಕೂತ.

ಅನಂತಮೂರ್ತಿಗಳು ಮೆಟ್ಟಿಲು ಹತ್ತಿ ಬಂದರು. "ಕೀಲಿಕೈ ಕೊಡು ಅಂತ ಹೇಳಿ ಕಳಿಸಿದ್ದೆ."

"ತಂದಿದೀನಿ. ನಿಮ್ಮ ಜಾಗದಲ್ಲೇ ಇದೆ."

"ಅಲ್ಲಿ ಎಂತಕ್ಕೆ ಕೂತಿದ್ದು ನೀನು?"

"ಕೇಳಿ ಕೂರಾಣ ಅಂತ ಮೂರು ಸಲ ಕೇಳ್ದೆ, ಆಗ್ಲಿಲ್ಲ. ಅದಕ್ಕೇ ಈ ಸಲ ಮೊದಲು ಕೂತೆ. ಈಗ ಕೇಳ್ತಾ ಇದೀನಿ. ಚಾಪೆ ಮೇಲೆ ನಂಗೊಂದು ಜಾಗ ಬೇಕು. ಇಲ್ಲ ಅನ್ನಿ ಬೇಕಾದ್ರೆ, ನಾ ಏಳಲ್ಲ."

ಅವರು ನಿಂತೇ ಇದ್ದರು. ಇಲ್ಲ ಎನ್ನಬೇಕಾದರೆ ಒಳಗೆ ಬರಬೇಕು, ಕೀಲಿಕೈ ಎತ್ತಿಕೊಳ್ಳಬೇಕಾದರೆ ಅವಳ ಎದುರು ಬಗ್ಗಬೇಕು. ಮುಖದಲ್ಲಿ ಸಿಟ್ಟು ಬಂತು, ಹೋಯಿತು. ಆಮೇಲೆ ಬಂದದ್ದನ್ನು ಪ್ರೇಮಕ್ಕ ಮೊದಲು ನೋಡಿದ್ದಳು, ಸನ್ಮಾನದ ವೇದಿಕೆಯ ಮೇಲೆ, ದೊಡ್ಡತ್ತೆಯ ಕಥೆಯ ಜೊತೆ, ಹನ್ನೊಂದು ಸಲ.

"ಶ್ರುತಿ ಯಾರು ಹಾಕ್ತೀರಿ?" ಎಂದು ಮಂಜಯ್ಯನವರು ಪುಸ್ತಕದಿಂದ ತಲೆಯೆತ್ತದೆ ಕೇಳಿದರು.

ಅಭ್ಯಾಸಕ್ಕೆ ಬಿದ್ದ ಕಣ್ಣುಗಳೆಲ್ಲ ಪ್ರೇಮಕ್ಕನ ಕಡೆ ತಿರುಗಿದವು. ಪ್ರೇಮಕ್ಕ ಕೂತಲ್ಲಿಂದ ಅಲುಗಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದೆ ನೋಡುತ್ತಿದ್ದಳು.

ಅನಂತಮೂರ್ತಿಗಳು ಒಳಗೆ ಬಂದರು. ಕೀಲಿಕೈಯನ್ನು ಮುಟ್ಟಲಿಲ್ಲ. ಮೂಲೆಗೆ ಹೋಗಿ, ಮೊಣಕಾಲು ಹಿಡಿದುಕೊಂಡು, ಕಷ್ಟಪಟ್ಟು ಆ ಪೆಟ್ಟಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಹಿಂದೆ ಮುಂದೆ ತಡಕಾಡಿದರು.

"ಇದರ ಸ್ವಿಚ್ ಎಲ್ಲಿ ಮಾರಾಯ್ತಿ?"

"ಬಲಗಡೆ ಇದೆ, ಒತ್ತಿ. ಹಾಗೇ ಕಪ್ಪು ಮೂರಕ್ಕೆ ತಿರುಗಿಸಿ" ಎಂದಳು ಪ್ರೇಮಕ್ಕ, ಹಿಂದೆ ತಿರುಗದೆ.